ಶೇಷಮ್ಮನೂ ಗದ್ದಲಪ್ಪನೂ

ಅವರಿಬ್ಬರ ಮೊದಲ ಮಾತೇ ಜಗಳ. ಅದೂ ಮುಖ ನೋಡದೆ, ಐದು ಗಂಟೆ ಬಸ್ ಹಾದಿಯಷ್ಟು ದೂರದಿಂದ, ಹದಿನೇಳು ಜನ ಕೇಳಿಸಿಕೊಳ್ಳುತ್ತಿದ್ದ ವಿಡಿಯೋ ಮೀಟಿಂಗಿನಲ್ಲಿ.

"ಮೇಡಂ, ಐನ್‌ಸ್ಟೈನ್ ತಪ್ಪಿಲ್ಲ. ನಮ್ಮ ಪೈಪು ತಪ್ಪು," ಅಂದಿತು ಕ್ಯಾಮೆರಾ ಆಫ್ ಮಾಡಿಕೊಂಡಿದ್ದ ಒಂದು ಗಂಡು ದನಿ.

"ಪರೀಕ್ಷೆ ಮಾಡಿ ಹೇಳ್ತಿದ್ದೀರಾ, ಇಲ್ಲಾ ಬಾಯಿಗೆ ಬಂದಿದ್ದು ಹೇಳ್ತಿದ್ದೀರಾ?"

"ಹನ್ನೆರಡು ವರ್ಷದಿಂದ ಆ ಪೈಪಿನ ಜೊತೆ ಸಂಸಾರ ಮಾಡ್ತಿದ್ದೀನಿ ಮೇಡಂ. ಅದರ ಬುದ್ಧಿ ಗೊತ್ತು."

ಹದಿನೇಳು ಜನವೂ ನಕ್ಕರು. ಅವಳು ನಗಲಿಲ್ಲ. ಮೈಕ್ ಮ್ಯೂಟ್ ಮಾಡಿ, ತನ್ನ ಖಾಲಿ ರೂಮಿಗೆ ಕೇಳುವಷ್ಟು ಜೋರಾಗಿ, "ಅಧಿಕಪ್ರಸಂಗಿ" ಅಂದಳು.

ಅವಳ ಕೆಲಸ ಹೇಳೋಕೆ ಸುಲಭ, ಮಾಡೋಕೆ ಕಷ್ಟ. ಎಲ್ಲೋ ಕೋಟ್ಯಂತರ ಜ್ಯೋತಿರ್ವರ್ಷಗಳ ಆಚೆ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ, ಕೊನೆಗೆ ಡಿಕ್ಕಿಯಾಗಿ ಒಂದಾಗುತ್ತವೆ. ಆಗ ದೇಶ-ಕಾಲವೇ ಅಲುಗುತ್ತದೆ. ಆ ಅಲುಗಾಟ ಅಲೆಯಾಗಿ ಹರಡುತ್ತಾ ಒಂದು ದಿನ ಭೂಮಿಯನ್ನು ದಾಟಿ ಹೋಗುತ್ತದೆ. ನಾಲ್ಕು ಕಿಲೋಮೀಟರ್ ಉದ್ದದ ಪೈಪುಗಳ ಒಳಗೆ ಓಡಾಡುವ ಲೇಸರ್ ಬೆಳಕು ಅದನ್ನು ಹಿಡಿಯುತ್ತದೆ. ಆ ಅಲೆಯ ಆಕಾರ ಹೀಗೇ ಇರಬೇಕು ಅಂತ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಬಂದ ಅಲೆಯಿಂದ ಸಿದ್ಧಾಂತ ಹೇಳಿದ ಅಲೆಯನ್ನು ಕಳೆದು, ಶೇಷ ಏನು ಉಳಿಯಿತು ಅಂತ ನೋಡುವುದೇ ಅವಳ ಕೆಲಸ. ಬರೀ ಯಂತ್ರದ ಗೊಜಗೊಜ ಸದ್ದು ಉಳಿದರೆ ಸಿದ್ಧಾಂತ ಪಾಸು. ಬೇರೆ ಏನಾದರೂ ಉಳಿದರೆ ಭೌತಶಾಸ್ತ್ರದ ಪುಸ್ತಕಗಳನ್ನೇ ತಿದ್ದಬೇಕು.

ಬೇರೆ ಏನೂ ಉಳಿದಿರಲಿಲ್ಲ. ಹನ್ನೊಂದು ವರ್ಷ, ತೊಂಬತ್ತು ಅಲೆಗಳು. ಪ್ರತಿ ವರದಿಯ ಕೊನೆಯ ಸಾಲೂ ಒಂದೇ: ಸಿದ್ಧಾಂತಕ್ಕೆ ಹೊಂದುತ್ತದೆ.

ಆಫೀಸಿನ ತರಲೆಗಳು ಅವಳಿಗೆ 'ಶೇಷಮ್ಮ' ಅಂತ ಹೆಸರಿಟ್ಟಿದ್ದರು. ಮೂವತ್ತಾರರ ಹೆಂಗಸಿಗೆ ಮುತ್ತಜ್ಜಿಯ ಹೆಸರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಹಾಗಾದರೂ ಯಾರೋ ಕರೆಯುತ್ತಾರಲ್ಲ ಅನ್ನಿಸಿ ಸುಮ್ಮನಾದಳು.

ಗಂಡನಾಗಿದ್ದವನು ಮನೆ ಬಿಟ್ಟು ಆರು ವರ್ಷವಾಗಿತ್ತು. ಹೊರಡುವ ದಿನ ಸೂಟ್‌ಕೇಸಿನ ಜಿಪ್ ಎಳೆಯುತ್ತಾ, "ತಪ್ಪು ಹುಡುಕೋದನ್ನೇ ಉದ್ಯೋಗ ಮಾಡ್ಕೊಂಡೋಳ ಜೊತೆ ಬಾಳೋದು ಹೇಗೆ?" ಅಂದಿದ್ದ. ಇಷ್ಟು ವರ್ಷದಲ್ಲಿ ಒಂದೂ ತಪ್ಪು ಸಿಕ್ಕಿಲ್ಲವಲ್ಲಪ್ಪಾ ಅನ್ನುವ ಉತ್ತರ ಅವಳಿಗೆ ಹೊಳೆದದ್ದು ಮಾರನೆಯ ದಿನ, ತಲೆಗೆ ನೀರು ಹಾಕಿಕೊಳ್ಳುವಾಗ.

ಅವಳ ಒಂಟಿತನ ಗೋಳಾಡುವಂಥದ್ದಲ್ಲ. ಅಚ್ಚುಕಟ್ಟಾಗಿತ್ತು. ಅರ್ಧ ಪೌಂಡ್ ಬ್ರೆಡ್ ತರುತ್ತಿದ್ದಳು, ಕೊನೆಯ ಎರಡು ತುಂಡು ಬೂಸ್ಟು ಹಿಡಿಯುತ್ತಿದ್ದವು. ಶನಿವಾರ, ಭಾನುವಾರ ಬಾಯಿ ತೆರೆಯುವ ಪ್ರಸಂಗವೇ ಬರದೆ, ಸೋಮವಾರ ಗೇಟಿನಲ್ಲಿ ಸೆಕ್ಯುರಿಟಿಯವನಿಗೆ ಗುಡ್ ಮಾರ್ನಿಂಗ್ ಅನ್ನಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ವಾರಕ್ಕೊಮ್ಮೆ ಅತ್ತಿಗೆ ಫೋನ್ ಮಾಡುತ್ತಿದ್ದಳು. "ಏನೇ, ಊಟ ಆಯ್ತಾ? ಐನ್‌ಸ್ಟೈನ್ ಇನ್ನೂ ಪಾಸಾಗ್ತಾನೇ ಇದ್ದಾನಾ?"

ಹೀಗಿರುವಾಗ ಒಂದು ಮಂಗಳವಾರ ಬೆಳಗ್ಗೆ ಹತ್ತು ನಲವತ್ತೆರಡಕ್ಕೆ, ಆ ವಿಡಿಯೋ ಜಗಳಕ್ಕೆ ಕಾರಣವಾದ ಅಲೆ ಬಂತು. ಡಿಕ್ಕಿಯಾದ ಮೇಲೆ ಹೊಸ ಕಪ್ಪುಕುಳಿ, ಬಾರಿಸಿದ ಗಂಟೆಯ ಹಾಗೆ ಕೊಂಚ ಹೊತ್ತು ಮೊಳಗಿ ತಣ್ಣಗಾಗಬೇಕು. ಇದು ತಣ್ಣಗಾದ ಮೇಲೂ ಏನೋ ಒಂದು ಸಣ್ಣಗೆ ಉಳಿದಿತ್ತು. ಕಳೆದಳು. ಮತ್ತೆ ಕಳೆದಳು. ಬೇರೆ ಕಂಪ್ಯೂಟರಿನಲ್ಲಿ ಕಳೆದಳು. ಹೋಗಲಿಲ್ಲ.

ಹೇಳಿಕೊಳ್ಳೋಣ ಅಂದರೆ ಸುತ್ತ ಯಾರೂ ಇರಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದು, ಸುಮ್ಮನೆ ಮುಚ್ಚಿ ಬಂದಳು.

ಒಂದೇ ತೊಡಕು. ಆ ಶೇಷ ಕಂಡದ್ದು ಎರಡು ವೀಕ್ಷಣಾಲಯಗಳಲ್ಲಿ ಒಂದರಲ್ಲಿ ಮಾತ್ರ. ಇನ್ನೊಂದರಲ್ಲಿ ಅಲೆ ತೀರಾ ಮಂಕಾಗಿತ್ತು, ಅಲ್ಲಿ ಇದೆ ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಕಂಡ ಕಡೆ ಆ ಯಂತ್ರದ ಸದ್ದುಗದ್ದಲ ನೋಡಿಕೊಳ್ಳುವ ಇಂಜಿನಿಯರ್ರೇ ಆ ಅಧಿಕಪ್ರಸಂಗಿ. ಅವನಿಗೂ ಅಡ್ಡಹೆಸರಿತ್ತು, ಗದ್ದಲಪ್ಪ.

ಅವಳ ಗುಂಪಿನ ಮುಖ್ಯಸ್ಥರಾದ ಪ್ರೊಫೆಸರ್ ಕರೆದು ಹೇಳಿದರು, "ಇನ್ನು ಮೂರು ವಾರಕ್ಕೆ ದೊಡ್ಡ ಮೀಟಿಂಗ್ ಇದೆ, ನಾನೂರು ಜನ. ಅಲ್ಲಿ ನೀನೇ ಮಾತಾಡ್ಬೇಕು. ಅಷ್ಟರೊಳಗೆ ಅಲ್ಲಿಗೇ ಹೋಗಿ ಕೂತ್ಕೊಂಡು, ಆ ಮಹರಾಯನ ಬಾಯಿ ಮುಚ್ಚಿಸಿ ಬಾ."

*

ಬಸ್ಸು ಅವಳನ್ನು ಇಳಿಸಿ ಹೋದ ಜಾಗದಲ್ಲಿ ಹುಲ್ಲು, ಆಕಾಶ, ಎರಡು ದಿಕ್ಕಿಗೆ ಕಣ್ಣು ದಣಿಯುವಷ್ಟು ದೂರ ಹೋದ ಕಾಂಕ್ರೀಟ್ ಹೊದಿಕೆಯ ಪೈಪು, ಇಷ್ಟೇ ಇದ್ದವು. ಗಾಳಿಗೆ ಮರ ಅಲುಗಿದರೂ ಒಳಗಿನ ಕನ್ನಡಿಗಳಿಗೆ ಗೊತ್ತಾಗುತ್ತದೆಂದು ಮರಗಳನ್ನೂ ದೂರ ಇಟ್ಟಿದ್ದರು.

ಗೇಟಿನ ಬಳಿ ಎತ್ತರದ ಮನುಷ್ಯನೊಬ್ಬ ಬಗ್ಗಿ ಸೈಕಲ್ಲಿನ ಚೈನು ಹಾಕುತ್ತಿದ್ದ. ಕಿವಿಯ ಹತ್ತಿರ ಒಂದೆರಡು ನರೆಗೂದಲು, ತೋಳಿನ ಮೇಲೆ ಗ್ರೀಸು.

"ಸರ್, ಗೆಸ್ಟ್ ಹೌಸ್ ಎಲ್ಲಿ?"

ಅವನು ತಲೆಯನ್ನೂ ಎತ್ತಲಿಲ್ಲ. ಚೈನು ಕೂತಿತು, ಸೈಕಲ್ ಹತ್ತಿ ಹೊರಟೇಹೋದ.

ಅರ್ಧ ಗಂಟೆಯ ನಂತರ ಕಂಟ್ರೋಲ್ ರೂಮಿನಲ್ಲಿ ಪರಿಚಯ ಮಾಡಿಸಿದಾಗ ಅದೇ ಗ್ರೀಸಿನ ತೋಳು ಎದುರಿಗಿತ್ತು.

"ನಾವು ಆಗ್ಲೇ ಭೇಟಿ ಆಗಿದ್ದೀವಿ," ಅಂದಳು ಅವಳು. "ಗೇಟಲ್ಲಿ. ನಾನು ಮಾತಾಡ್ದೆ, ಇವರು ಮಾತಾಡ್ಲಿಲ್ಲ."

ಅವನ ಮುಖ ಪೆಚ್ಚಾಯಿತು. "ಎಡಗಡೆ ನಿಂತಿದ್ರಾ?"

"ಯಾಕೆ, ಬಲಗಡೆ ನಿಂತೋರ ಜೊತೆ ಮಾತ್ರ ಮಾತಾಡ್ತೀರಾ?"

"ಎಡಗಿವಿ ಕೇಳಲ್ಲ ಮೇಡಂ. ಹನ್ನೆರಡು ವರ್ಷ ಪಂಪುಗಳ ಪಕ್ಕ ನಿಂತಿದ್ದಕ್ಕೆ ಸಿಕ್ಕ ಬಹುಮಾನ."

ಅವಳಿಗೆ ನಾಚಿಕೆಯಾಯಿತು. ಆದರೂ ಸೋಲಲು ಮನಸ್ಸಿಲ್ಲದೆ, "ಮತ್ತೆ ಮೀಟಿಂಗಲ್ಲಿ ನಾನು ಜೋರು ಮಾಡಿದ್ದು?" ಅಂದಳು.

"ಅದು ಬಲಗಿವಿಗೆ ಸರಿಯಾಗಿ ಬಂತು," ಅಂದ. ತುಟಿ ನಗಲಿಲ್ಲ, ಕಣ್ಣಿನ ಕೊನೆ ಮಾತ್ರ ಒಂಚೂರು ಕಿರಿದಾಯಿತು. ಅದೇ ಅವನ ನಗು ಅಂತ ಅರ್ಥವಾಗಲು ಅವಳಿಗೆ ಎರಡು ದಿನ ಹಿಡಿಯಿತು.

*

ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಯಂತ್ರವನ್ನು ಅವರ ಪರೀಕ್ಷೆಗೆ ಬಿಟ್ಟುಕೊಡುತ್ತಿದ್ದರು. ಅವನ ಅನುಮಾನ ಇಷ್ಟು. ಪೈಪಿನೊಳಗೆ ದಾರಿ ತಪ್ಪಿದ ಬೆಳಕಿನ ಒಂದು ಕಣ ಎಲ್ಲೋ ಅಲುಗುತ್ತಿರುವ ಲೋಹಕ್ಕೆ ತಾಗಿ ವಾಪಸು ಬಂದು ಮುಖ್ಯ ಬೆಳಕಿಗೆ ಸೇರಿಕೊಂಡರೆ, ಅದು ಅಲೆಯ ವೇಷ ಹಾಕಿ ಮೋಸ ಮಾಡಬಲ್ಲದು. ಅಲುಗುತ್ತಿರುವುದು ಯಾವುದು, ಅದನ್ನು ಅಲುಗಿಸಿದ್ದು ಯಾವುದು, ಇವೆರಡನ್ನೂ ಹುಡುಕಬೇಕು.

ಅವನು ಪೈಪಿನ ಉದ್ದಕ್ಕೂ ಸೈಕಲ್ಲಿನಲ್ಲಿ ಹೋಗುತ್ತಾ, ಅಲ್ಲಲ್ಲಿ ನಿಂತು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಅವಳು ಕಂಟ್ರೋಲ್ ರೂಮಿನಲ್ಲಿ ಸ್ಕ್ರೀನ್ ನೋಡುತ್ತಾ ಕೂರುತ್ತಿದ್ದಳು. ನಡುವೆ ಒಂದು ವಾಕಿಟಾಕಿ.

"ಈಗ?"

"ಏನಿಲ್ಲ."

"ಈಗ?"

"ಏನಿಲ್ಲ."

"ಈಗ?"

"ಈಗ ಒಂದು ದೊಡ್ಡ ಗೆರೆ ಬಂತು! ಎಲ್ಲಿದ್ದೀರಾ? ಏನು ಮಾಡಿದ್ರಿ?"

ಮೂಗು ಒರೆಸಿಕೊಂಡ ಸದ್ದು. "ಪೈಪಿಗೆ ಒರಗಿಕೊಂಡು ಸೀನಿದೆ."

ಅವಳು ನಕ್ಕಳು. ನಕ್ಕ ಸದ್ದು ತನಗೇ ಹೊಸದಾಗಿ ಕೇಳಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ವಾಕಿಟಾಕಿಯ ಗುಂಡಿ ಒತ್ತಿಯೇ ಇತ್ತು. ಆ ಕಡೆಯಿಂದ ಮೆಲ್ಲಗೆ, "ಇನ್ನೊಂದ್ಸಲ ಸೀನ್ಲಾ?" ಅಂತ ಬಂತು.

ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ದಿನದ ದಾಖಲೆಗಳನ್ನು ನೋಡುತ್ತಿದ್ದರು. ಅವಳು ಕೇಳದೆಯೇ ಅವನ ಬಲಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಸ್ಕ್ರೀನ್ ತಾನಾಗಿ ಕಪ್ಪಾದಾಗ ಅದರೊಳಗೆ ಎರಡು ಮುಖ ಕಾಣುತ್ತಿದ್ದವು. ಅವನು ಆ ಕಪ್ಪು ಗಾಜಿನಲ್ಲಿ ತನ್ನನ್ನೇ ನೋಡುತ್ತಿದ್ದಾನೆ ಅಂತ ಒಂದು ಸಲ ಗೊತ್ತಾಯಿತು. ಅವಳು ನೋಡಿದಳು ಅಂತ ಅವನಿಗೂ ಗೊತ್ತಾಯಿತು. ಇಬ್ಬರಲ್ಲೊಬ್ಬರು ಮೌಸ್ ಅಲುಗಿಸಬೇಕಾಗಿತ್ತು. ಇಬ್ಬರೂ ಅಲುಗಿಸಲಿಲ್ಲ.

"ಶೇಷ ನಿಜ ಆಗ್ಲಿ ಅಂತ ಆಸೆನಾ ನಿಮಗೆ?" ಒಂದು ದಿನ ಕೇಳಿದ.

ವಿಜ್ಞಾನಿ ಹೇಳಬೇಕಾದ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಅದು ಬಾಯಿಗೆ ಬರಲಿಲ್ಲ. "ಆಸೆ," ಅಂದಳು. "ಹನ್ನೊಂದು ವರ್ಷ ಕಳೀತಾನೇ ಬಂದಿದ್ದೀನಿ. ಒಂದ್ಸಲನಾದ್ರೂ ಏನಾದ್ರೂ ಉಳೀಲಿ ಅನ್ಸುತ್ತೆ."

ಅವನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. ಆಮೇಲೆ ತನ್ನ ವಿಷಯ ಹೇಳಿದ. ಅಮ್ಮ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಒಬ್ಬನೇ. ತಂಗಿ ದೂರದಲ್ಲಿದ್ದಾಳೆ, ವರ್ಷಕ್ಕೆರಡು ಸಲ ಕಾಲುಚೀಲ ಕಳಿಸುತ್ತಾಳೆ. "ಇಲ್ಲಿ ಜನ ಬರಲ್ಲ ಅಂತಲ್ಲ. ಬರ್ತಾರೆ, ಮೂರು ವಾರ ಇರ್ತಾರೆ, ಹೆಸರು ಬಾಯಿಗೆ ಬರೋ ಹೊತ್ತಿಗೆ ಹೋಗ್ತಾರೆ. ಈಚೀಚೆಗೆ ಹೆಸರು ಕಲಿಯೋದೇ ಬಿಟ್ಟಿದ್ದೀನಿ."

"ನನ್ನ ಹೆಸರು?"

"ಅದು ಮೊದಲ ದಿನವೇ ಬಾಯಿಗೆ ಬಂತು," ಅಂದವನೇ ಎದ್ದು ಇಬ್ಬರ ಲೋಟಗಳನ್ನೂ ತೊಳೆಯಲು ಹೋದ. ಎರಡು ಲೋಟ ತೊಳೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.

*

ಮೂರನೆಯ ವಾರದ ಮಂಗಳವಾರ ಅವಳು ಬೆಳಗ್ಗೆಯಿಡೀ ಗೆಸ್ಟ್ ಹೌಸಿನಲ್ಲಿ ಕೂತು ಗುರುವಾರದ ದೊಡ್ಡ ಮೀಟಿಂಗಿನ ಮಾತಿಗೆ ತಯಾರಿ ಮಾಡಿಕೊಂಡಳು. ಪೈಪಿನ ಮುಕ್ಕಾಲು ಪಾಲು ತಟ್ಟಿ ಮುಗಿದಿತ್ತು. ಏನೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಕ್ಯಾಂಟೀನಿಗೆ ಹೋದರೆ ಅವನು ಮೂಲೆಯ ಮೇಜಿನಲ್ಲಿ ಕೂತು ಸಕ್ಕರೆ ಹಾಕದ ಟೀಯನ್ನು ಚಮಚದಿಂದ ತಿರುವುತ್ತಿದ್ದ.

"ಏನಾದ್ರೂ ಸಿಕ್ತಾ ಇಂಜಿನಿಯರ್ರೇ?" ಅಂದಳು ಎದುರು ಕೂತು. "ಸಿಕ್ಕಿದ್ರೆ ಹೇಳ್ಬಿಡಿ. ಗಂಟು ಮೂಟೆ ಕಟ್ಟಿ ಸಂಜೆ ಬಸ್ಸಿಗೇ ಹೊರಡ್ತೀನಿ, ನಿಮಗೂ ನನ್ನ ಕಾಟ ತಪ್ಪುತ್ತೆ."

ಚಮಚ ನಿಂತಿತು.

"ಇಲ್ಲ," ಅಂದ. "ಇನ್ನೂ ಏನೂ ಸಿಕ್ಕಿಲ್ಲ."

ಬುಧವಾರ ಸಂಜೆ ಪೈಪಿನ ತುದಿಯನ್ನು ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ಎರಡು ಸೈಕಲ್, ನಾಲ್ಕು ಕಿಲೋಮೀಟರ್. ಅವಳು ಸೈಕಲ್ ತುಳಿದು ಹದಿನೈದು ವರ್ಷವಾಗಿತ್ತು. ಹಾವು ಹರಿದ ಹಾಗೆ ಹೋಗುತ್ತಿದ್ದಳು. ಅವನು ಬೀಳುವುದಿದ್ದರೆ ಹಿಡಿಯುವಷ್ಟು ಹತ್ತಿರ, ಹಿಡಿದಿಲ್ಲ ಅನ್ನುವಷ್ಟು ದೂರ ಬಂದ.

ತುದಿಯಲ್ಲಿ ಬಿಸಿಲು ಅಡ್ಡ ಬಿದ್ದು ಹುಲ್ಲೆಲ್ಲ ಕೆಂಪಾಗಿತ್ತು. ಪೈಪಿನ ಹೊದಿಕೆ ತೆರೆದಿದ್ದ ಒಂದು ಕಡೆ ಅವಳ ಅಂಗೈಯನ್ನು ಹಿಡಿದು ಉಕ್ಕಿನ ಮೇಲಿಟ್ಟ. "ಕಣ್ಣು ಮುಚ್ಚಿ."

ಉಕ್ಕು ತಣ್ಣಗಿತ್ತು. ಒಳಗೆಲ್ಲೋ ಇದ್ದೂ ಇಲ್ಲದ ಹಾಗೆ ಒಂದು ನಡುಕ. ಅದು ಪೈಪಿನದೋ, ಅವನ ಕೈಯದೋ ಗೊತ್ತಾಗಲಿಲ್ಲ. ಅವನ ಕೈ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವಳ ಕೈ ಮೇಲಿತ್ತು. ಯಾರಾದರೂ ಮುಟ್ಟಿ ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕಲು ಹೋಗಿ ಅವಳು ನಿಲ್ಲಿಸಿದಳು.

"ನಿಮಗೆ ಒಂದು ಮಾತು ಹೇಳ್ಬೇಕು," ಅಂದ.

ಯಾವ ಮಾತು ಅಂತ ಅವಳಿಗೆ ಅನುಮಾನವೇ ಇರಲಿಲ್ಲ. ಬೇಕು ಅನ್ನಿಸಿತು, ಭಯವೂ ಆಯಿತು. "ಈಗ ಬೇಡ," ಅಂದಳು, ಕಣ್ಣು ತೆರೆಯದೆಯೇ. "ನಾಳೆ. ಮೀಟಿಂಗ್ ಮುಗೀಲಿ. ಆಮೇಲೆ ಹೇಳಿ."

"ಮೀಟಿಂಗ್‌ಗೆ ಮುಂಚೆನೇ ಹೇಳ್ಬೇಕಾದ ಮಾತು."

"ನನ್ನ ತಲೆ ಎಲ್ಲೋ ಹೋಗುತ್ತೆ ರೀ. ನಾನೂರು ಜನರ ಮುಂದೆ ನಿಂತ್ಕೋಬೇಕು. ಪ್ಲೀಸ್."

ಅವನು ಕೈ ತೆಗೆದ.

*

ಗುರುವಾರ ನಾಲ್ಕು ಗಂಟೆಗೆ ಸ್ಕ್ರೀನಿನ ತುಂಬಾ ಪುಟ್ಟ ಪುಟ್ಟ ಮುಖಗಳು. ಅವಳು ಹನ್ನೊಂದು ವರ್ಷದಲ್ಲಿ ಮಾತಾಡದ ಹಾಗೆ ಮಾತಾಡಿದಳು. ಅಲೆ ತೋರಿಸಿದಳು, ಕಳೆದು ತೋರಿಸಿದಳು, ಉಳಿದದ್ದನ್ನು ತೋರಿಸಿದಳು. ಪ್ರೊಫೆಸರರ ಮುಖ ಇಷ್ಟಗಲವಾಗಿತ್ತು.

ದೂರದ ಯಾವುದೋ ಸಂಸ್ಥೆಯ ಹಿರಿಯರೊಬ್ಬರು ಕೇಳಿದರು, "ಯಂತ್ರದ ಕಡೆಯಿಂದ ಎಲ್ಲ ಸರಿ ಇದೆಯಾ?"

"ಮೂರು ವಾರ ಹುಡುಕಿದ್ದೀವಿ. ಏನೂ ಸಿಕ್ಕಿಲ್ಲ," ಅಂದಳು ಧೈರ್ಯವಾಗಿ. "ಇಂಜಿನಿಯರ್ ನನ್ನ ಪಕ್ಕದಲ್ಲೇ ಇದ್ದಾರೆ. ಅವರನ್ನೇ ಕೇಳಿ." ನಗುತ್ತಾ ಮೈಕನ್ನು ಅವನ ಕಡೆಗೆ ತಳ್ಳಿದಳು.

ಅವನು ಮೈಕನ್ನು ನೋಡಿದ. ಅವಳನ್ನು ನೋಡಿದ.

"ಸಿಕ್ಕಿದೆ," ಅಂದ.

ಸ್ಕ್ರೀನಿನ ಪುಟ್ಟ ಮುಖಗಳೆಲ್ಲ ಮುಂದಕ್ಕೆ ಬಾಗಿದವು.

"ಪೂರ್ವದ ತುದಿಯಲ್ಲಿ, ದಾರಿ ತಪ್ಪಿದ ಬೆಳಕನ್ನ ನುಂಗೋಕೆ ಪೈಪಿನೊಳಗೆ ಇಟ್ಟಿರೋ ಲೋಹದ ಬಳೆ ಇದೆ. ಅದರ ಒಂದು ಆಸರೆ ಸಡಿಲ ಆಗಿದೆ. ಬೆರಳಲ್ಲಿ ತಟ್ಟಿದ್ರೆ ಗೊತ್ತಾಗಲ್ಲ. ಎಂಟು ಕಿಲೋಮೀಟರ್ ಆಚೆ ಕಲ್ಲುಗಣಿಯ ಗೂಡ್ಸ್ ಗಾಡಿ ಹೋದ್ರೆ ನೆಲ ಒಂದು ಥರ ಅಲುಗುತ್ತೆ, ಆಗ ಮಾತ್ರ ಅದು ಕುಣಿಯುತ್ತೆ. ಆ ಗಾಡಿಗೆ ವೇಳಾಪಟ್ಟಿ ಇಲ್ಲ. ಲೆವೆಲ್ ಕ್ರಾಸಿಂಗಿನ ಗೇಟ್‌ಮನ್ ಪುಸ್ತಕ ನೋಡಿದೆ. ಅಲೆ ಬಂದ ದಿನ ಹತ್ತೂ ನಲವತ್ತೆರಡಕ್ಕೆ ಗಾಡಿ ಹೋಗಿದೆ. ಮತ್ತೆ ಹೋದಾಗ ಸ್ಕ್ರೀನ್ ನೋಡಿದೆ. ಅದೇ ಶೇಷ, ಅಲೆ ಇಲ್ಲದೇನೇ ಬಂತು."

"ಮತ್ತೆ ಹೋಗಿದ್ದು ಯಾವಾಗ?" ಹಿರಿಯರು ಕೇಳಿದರು.

ಇವತ್ತು ಬೆಳಗ್ಗೆ ಅಂದುಬಿಡಬಹುದಿತ್ತು. ಯಾರೂ ಕೆದಕುತ್ತಿರಲಿಲ್ಲ.

"ಮಂಗಳವಾರ."

"ಎರಡು ದಿನ ಯಾಕೆ ಹೇಳಲಿಲ್ಲ?"

"ಅದಕ್ಕೆ ತಾಂತ್ರಿಕ ಕಾರಣ ಇಲ್ಲ," ಅಂದ ಅವನು.

ಅವಳು ಮುಂದಿನ ಐದು ನಿಮಿಷ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಧನ್ಯವಾದ ಹೇಳಿದ್ದು ಮಾತ್ರ ನೆನಪಿದೆ. ನಾನೂರು ಮುಖಗಳು ಒಂದೊಂದಾಗಿ ಆರಿಹೋದವು.

ಕಾರಿಡಾರಿನಲ್ಲಿ ಅವನು ಹಿಂದೆಯೇ ಬಂದ. ಅವಳು ತಿರುಗಿ ನಿಂತಳು. "ನನ್ನ ಮುಖಕ್ಕೆ ಮಸಿ ಬಳಿಯೋಕೆ ಎರಡು ದಿನ ಕಾದ್ರಾ?"

"ಹೇಳಿದ್ರೆ ನೀವು ಸಂಜೆ ಬಸ್ಸಿಗೇ ಹೋಗ್ತೀನಿ ಅಂದ್ರಿ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದದ್ದೇ ಇನ್ನಷ್ಟು ಉರಿಸಿತು.

"ಇರಿ ಅಂತ ಬಾಯಿಬಿಟ್ಟು ಕೇಳಿದ್ರೆ ಇರ್ತಿದ್ದೆನಲ್ಲ! ಎರಡು ದಿನ ಅಲ್ಲ, ಹತ್ತು ದಿನ ಇರ್ತಿದ್ದೆ. ಕೇಳೋಕೆ ಧೈರ್ಯ ಇಲ್ಲ, ಕದಿಯೋಕೆ ಧೈರ್ಯ ಇದೆ ಅಲ್ವಾ?"

"ನಿನ್ನೆ ಹೇಳೋಕೆ ಬಂದೆ."

"ನಿನ್ನೆ ನಾನು ಬೇಡ ಅಂದಿದ್ದು ಬೇರೆ ಮಾತಿಗೆ!" ಅಂದಳು, ಅಂದು ತುಟಿ ಕಚ್ಚಿಕೊಂಡಳು. ಅವಳು ಯಾವ ಮಾತಿಗೆ ಕಾದಿದ್ದಳೆಂಬುದು ಈಗ ಅವನಿಗೂ ತಿಳಿದುಹೋಗಿತ್ತು. ಅದಕ್ಕಿಂತ ದೊಡ್ಡ ಅವಮಾನ ನಾನೂರು ಜನರ ಮುಂದೆಯೂ ಆಗಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೊರಟಳು. ಅವನು ದೂರದಲ್ಲಿ ಪಂಪ್ ಹೌಸಿನ ಗೋಡೆಗೆ ಒರಗಿ ನಿಂತಿದ್ದ. ಕೈ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

*

"ಅವಸರ ಮಾಡಿಬಿಟ್ಟೆ ನೀನು," ಅಂದರು ಪ್ರೊಫೆಸರ್. ಅವಸರ ಮಾಡಿಸಿದ್ದು ಯಾರು ಅಂತ ಅವಳು ಹೇಳಲಿಲ್ಲ. ಮುಂದಿನ ದೊಡ್ಡ ವರದಿಯಿಂದ ಅವಳನ್ನು ಕೈಬಿಡುವ ಮಾತು ನಡೆಯಿತು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಜನ ಬರುವುದು ಕಮ್ಮಿಯಾಯಿತು. ಮೊದಲೂ ಹೆಚ್ಚಾಗಿ ಬರುತ್ತಿರಲಿಲ್ಲ, ಆದರೆ ಈಗ ಅದು ಕಣ್ಣಿಗೆ ಕಾಣುತ್ತಿತ್ತು.

ಆ ವಾರವೇ ವೀಕ್ಷಣಾಲಯದ ದಿನಚರಿಯಲ್ಲಿ ಒಂದು ಬರಹ ಬಂತು. ಯಾವ ನಟ್ಟು ಬಿಗಿದರು, ಯಾವ ಪಂಪು ಕೆಟ್ಟಿತು ಅಂತ ಬರೆಯುವ ಜಾಗ ಅದು. ಎಲ್ಲ ದೇಶಗಳ ಎಲ್ಲ ಪಾಲುದಾರರೂ ಓದಬಹುದು.

'ಪೂರ್ವ ತುದಿಯ ಬಳೆಯ ಆಸರೆ ಇಂದು ಬಿಗಿಯಲಾಯಿತು. ಈ ದೋಷ ನನಗೆ ಮಂಗಳವಾರ ಬೆಳಗ್ಗೆ ಗೊತ್ತಾಗಿತ್ತು. ಗುರುವಾರದವರೆಗೆ ಮುಚ್ಚಿಟ್ಟೆ. ವಿಶ್ಲೇಷಣೆ ಮಾಡುತ್ತಿದ್ದವರು ಇದರ ಬಗ್ಗೆ ನನ್ನನ್ನು ಪ್ರತಿದಿನ ಕೇಳುತ್ತಿದ್ದರು. ನಾನು ಸುಳ್ಳು ಹೇಳಿದೆ. ಅವರ ವಿಶ್ಲೇಷಣೆಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅವರು ಹೊರಟುಹೋಗುತ್ತಾರೆ ಎಂಬ ಸಂಕಟಕ್ಕೆ ಹೀಗೆ ಮಾಡಿದೆ. ಇದು ಕಾರಣ, ಸಮರ್ಥನೆಯಲ್ಲ.'

ಮೂರು ತಿಂಗಳು ಅವನನ್ನು ಕಂಟ್ರೋಲ್ ರೂಮಿನಿಂದ ತೆಗೆದು ಪಂಪುಗಳಿಗೆ ಎಣ್ಣೆ ಹಾಕುವ ಕೆಲಸಕ್ಕೆ ಕಳಿಸಿದರು. ಅವಳನ್ನು ವರದಿಯಿಂದ ತೆಗೆಯುವ ಮಾತು ನಿಂತಿತು.

ಅವಳು ಅದನ್ನು ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದಳು. ಅತ್ತಿಗೆ ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿಸಿದಳು.

"ನಿಮ್ಮಣ್ಣ ಇಪ್ಪತ್ತು ವರ್ಷದಲ್ಲಿ ಅಡುಗೆಮನೆಯೊಳಗೆ, ನನ್ನೊಬ್ಬಳ ಮುಂದೆ ಒಂದು ತಪ್ಪು ಒಪ್ಕೊಂಡಿಲ್ಲ ಕಣೇ," ಅಂದಳು ಕೊನೆಗೆ. "ಹಾಗಂತ ಕ್ಷಮಿಸು ಅಂತ ಹೇಳಲ್ಲ. ಮೊದಲು ಮನಸ್ಸು ತಣಿಯೋ ಹಾಗೆ ಬೈ. ಬೈಯದೆ ಇಟ್ಕೊಂಡ್ರೆ ಒಳಗೇ ಹಳಸುತ್ತೆ."

ಅವಳು ಬೈಯಲಿಲ್ಲ. ಕೆಲಸ ಮಾಡಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಲೆಯಿಂದ ಗೂಡ್ಸ್ ಗಾಡಿಯ ಗದ್ದಲವನ್ನು ತೆಗೆದು, ಮತ್ತೆ ಕಳೆದಳು. ಈ ಸಲ ಏನೂ ಉಳಿಯಲಿಲ್ಲ. ತೊಂಬತ್ತೊಂದನೆಯ ವರದಿಯಲ್ಲಿ 'ಸಿದ್ಧಾಂತಕ್ಕೆ ಹೊಂದುತ್ತದೆ' ಅಂತ ಟೈಪ್ ಮಾಡಿ ಚುಕ್ಕಿ ಇಟ್ಟಳು. ಹೊರಗೆ ಬಿಸಿಲಿತ್ತು, ರಜೆಯ ದಿನ, ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕೆಲಸ ಮುಗಿಯಿತು ಅಂತ ಒಬ್ಬರಿಗೆ ಹೇಳಬೇಕು ಅನ್ನಿಸಿತು. ಯಾರಿಗೆ ಅಂತ ಯೋಚಿಸಿದಾಗ ಒಂದೇ ಮುಖ ಬಂತು, ಅದಕ್ಕೇ ಅಳುವೂ ಬಂತು.

ಫೋನ್ ಮಾಡಿದಳು. ಎರಡನೇ ರಿಂಗಿಗೆ ಎತ್ತಿದ.

"ಬೈಯೋಕೆ ಫೋನ್ ಮಾಡಿದ್ದೀನಿ."

"ಬೈರಿ. ಬಲಗಿವಿಗೇ ಹಿಡ್ಕೊಂಡಿದ್ದೀನಿ."

"ನಗಿಸ್ಬೇಡಿ!"

"ಸರಿ."

ಬೈದಳು. ಹತ್ತು ನಿಮಿಷ ಬೈದಳು. ಆರು ವರ್ಷದ ಹಿಂದೆ ಸೂಟ್‌ಕೇಸ್ ಹಿಡಿದು ಹೋದವನಿಗೆ ಹೇಳಬೇಕಾಗಿದ್ದ ಒಂದೆರಡು ಮಾತೂ ಅದರಲ್ಲಿ ಸೇರಿಹೋದವು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ದನಿ ಇಳಿಸಿ ಕೇಳಿದಳು, "ಶೇಷ ಹೋಗಿದ್ದಕ್ಕೆ ನನಗೆ ದುಃಖ ಇಲ್ಲ. ಅದು ಸುಳ್ಳಾದ್ರೆ ಹೋಗ್ಲೇಬೇಕು. ಆದ್ರೆ ಆ ಎರಡು ದಿನ ನನ್ನ ಜೊತೆ ನಕ್ಕಿದ್ರಲ್ಲ, ಸೈಕಲ್ಲಲ್ಲಿ ಕರ್ಕೊಂಡು ಹೋದ್ರಲ್ಲ, ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಆ ಕಡೆ ಪಂಪು ಓಡುವ ಸದ್ದು ಕೇಳುತ್ತಿತ್ತು.

"ಒಂದೇ ಸಲಕ್ಕೆ ಗೊತ್ತಾಗಲ್ಲ," ಅಂದ. "ಒಂದು ಅಲೆ ನೋಡಿ ಏನೂ ಹೇಳಕ್ಕಾಗಲ್ಲ, ತೊಂಬತ್ತು ನೋಡ್ಬೇಕು ಅಂತ ನೀವೇ ಹೇಳ್ತಿದ್ರಿ."

"ಹಾಗಾದ್ರೆ ನಿಮ್ಮನ್ನ ತೊಂಬತ್ತು ಸಲ ಪರೀಕ್ಷೆ ಮಾಡ್ತಾ ಕೂತ್ಕೋಬೇಕಾ ನಾನು?"

"ಮಾಡಿ. ನಾನು ಎಲ್ಲೂ ಹೋಗಲ್ಲ."

ಅವಳು ಫೋನ್ ಇಡಲಿಲ್ಲ.

"ಶನಿವಾರ ನನಗೆ ರಜೆ," ಅಂದ ಅವನು ನಿಧಾನವಾಗಿ, ಒಂದೊಂದು ಪದವನ್ನೂ ಎತ್ತಿಡುವವನ ಹಾಗೆ. "ಬರ್ಲಾ? ಬೇಡ ಅಂದ್ರೆ ಬರಲ್ಲ."

"ಬೈಯೋದು ಇನ್ನೂ ಮುಗಿದಿಲ್ಲ."

"ಗೊತ್ತು."

"ಬನ್ನಿ."

*

ಶನಿವಾರ ಹನ್ನೊಂದಕ್ಕೆ ಬಸ್ಸಿನಿಂದ ಇಳಿದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ದಾರಿಯಲ್ಲಿ ಹೆಚ್ಚು ಮಾತಾಗಲಿಲ್ಲ. ರಸ್ತೆ ದಾಟುವಾಗ ಒಂದು ಲಾರಿ ಬಂತೆಂದು ಅವಳು ಅವನ ತೋಳು ಹಿಡಿದೆಳೆದಳು, ದಾಟಿದ ಮೇಲೆ ಬಿಟ್ಟಳು. ಮನೆಯಲ್ಲಿ ಎರಡನೇ ಕುರ್ಚಿಯ ಮೇಲೆ ಹಳೇ ಪೇಪರುಗಳ ರಾಶಿ ಇತ್ತು. ಅವಳು ಅದನ್ನು ಎತ್ತಿ ನೆಲದ ಮೇಲಿಟ್ಟಳು. ಅವನು ಕೂತ. ಬಾಕಿ ಇದ್ದ ಬೈಗುಳ ಬೈದಳು, ಆದರೆ ಅಷ್ಟು ಹೊತ್ತಿಗೆ ಅದರ ಖಾರ ಹೋಗಿತ್ತು. ಊಟಕ್ಕೆ ಏನೋ ಮಾಡಿದಳು, ಉಪ್ಪು ಮರೆತಿದ್ದಳು. ಅವನು ಹೇಳಿದ, "ಉಪ್ಪಿಲ್ಲ."

"ಚೆನ್ನಾಗಿದೆ ಅಂತ ಸುಳ್ಳು ಹೇಳ್ಬೋದಿತ್ತಲ್ಲ?"

"ಇನ್ಮೇಲೆ ಆಗಲ್ಲ."

ಅವಳು ಎದ್ದು ಉಪ್ಪು ತಂದಳು. ಬೆನ್ನು ತಿರುಗಿಸಿದಾಗ ನಕ್ಕದ್ದು ಅವನಿಗೆ ಕಾಣಲಿಲ್ಲ.

ನಾಲ್ಕು ಗಂಟೆಗೆ ಅವನ ಬಸ್ಸು. ಮೂರೂ ಮುಕ್ಕಾಲಿಗೆ ಅವನು ಎದ್ದು ಚಪ್ಪಲಿ ಮೆಟ್ಟಿದ, ಬಾಗಿಲ ಬಳಿ ಇದ್ದ ಚೀಲಕ್ಕೆ ಕೈ ಚಾಚಿ ನಿಂತ. ಮನೆ ಆಗಲೇ ಖಾಲಿಯಾಗುತ್ತಿರುವ ಸದ್ದು ಅವಳಿಗೆ ಕೇಳಿಸಿತು. ಅದು ಗೊತ್ತಿದ್ದ ಸದ್ದು. ಅದಕ್ಕೆ ಅವಳು ಹೆಗಲು ಗಟ್ಟಿ ಮಾಡಿಕೊಂಡಳು.

ಅವನು ಚೀಲ ಎತ್ತಲಿಲ್ಲ.

"ಆರು ಗಂಟೆಗೆ ಇನ್ನೊಂದು ಬಸ್ಸಿದೆ," ಅಂದ. ಕಿವಿಯ ತನಕ ಕೆಂಪಾಗಿದ್ದ. "ನನಗೆ ಹೋಗೋಕೆ ಮನಸ್ಸಿಲ್ಲ. ಇನ್ನೆರಡು ಗಂಟೆ ಇರ್ಲಾ?"

ಅವಳು ಅವನನ್ನು ನೋಡಿದಳು. ಕೇಳಿದವನ ಮುಖದಲ್ಲಿ ಬೇಡ ಅಂದರೆ ಹೊರಟುಹೋಗುವ ಸಿದ್ಧತೆಯೂ ಇತ್ತು.

ಅವಳು ಬಗ್ಗಿ ಚೀಲ ಎತ್ತಿಕೊಂಡು ಒಳಗಿಟ್ಟು ಬಂದಳು. "ಚಪ್ಪಲಿ ಬಿಡಿ," ಅಂದಳು.